ವಾಲ್‌ಚಂದ್ ಹಿರಾಚಂದ್

ವಾಲ್‌ಚಂದ್ ಹಿರಾಚಂದ್ ದೋಶಿ (23 ನವೆಂಬರ್ 1882 – 8 ಏಪ್ರಿಲ್ 1953) ಭಾರತದ ಹಡಗು, ವಿಮಾನ ಮತ್ತು ಮೋಟಾರು ಉದ್ಯಮಗಳ ಪ್ರವರ್ತಕರಲ್ಲಿ ಒಬ್ಬರು. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್, ವಿಶಾಖಪಟ್ಟಣದ ಹಡಗು ನಿರ್ಮಾಣ ಕಾರ್ಖಾನೆ ಮತ್ತು ಮುಂಬಯಿಯ ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆಗಳು ಅವರ ಪ್ರಯತ್ನದಿಂದ ಹುಟ್ಟಿದವು. ಹಳೆಯ ಕಾರುಗಳ ಪ್ರದರ್ಶನಗಳಲ್ಲಿ ಇಂದಿಗೂ ಕಾಣಸಿಗುವ ಡಾಡ್ಜ್, ಪ್ಲಿಮತ್ ಮತ್ತು ಡಿಸೋಟೊ ಕಾರುಗಳಲ್ಲಿ ಹಲವು ವಿನ್ಯಾಸದಲ್ಲಿ ಅಮೆರಿಕದವಾದರೂ ಜೋಡಣೆಗೊಂಡದ್ದು ಅವರ ಕಾರ್ಖಾನೆಯಲ್ಲಿ.

ಬಾಲ್ಯ ಮತ್ತು ಆರಂಭಿಕ ಜೀವನ

ವಾಲ್‌ಚಂದ್ ಅವರು ಕನ್ನಡ, ಮರಾಠಿ ಭಾಷಿಕರಿಬ್ಬರೂ ನೆಲೆಸಿರುವ ಗಡಿನಗರ ಸೊಲ್ಲಾಪುರದಲ್ಲಿ ಜನಿಸಿದರು. ಅವರದು ಗುಜರಾತಿನಿಂದ ಬಂದು ನೆಲೆಸಿದ ದಿಗಂಬರ ಜೈನ ವ್ಯಾಪಾರಿ ಕುಟುಂಬ. ಮುಂಬಯಿಯ ಸೇಂಟ್ ಕ್ಸೇವಿಯರ್ ಮತ್ತು ಪುಣೆಯ ಡೆಕ್ಕನ್ ಕಾಲೇಜುಗಳಲ್ಲಿ ಓದಿದರೂ ಪದವಿ ಪೂರೈಸಲಿಲ್ಲ. ಮನೆತನದ ವ್ಯಾಪಾರದಲ್ಲಿ ಮನಸ್ಸು ನಿಲ್ಲದೆ, ರೈಲ್ವೆಯಲ್ಲಿ ಗುಮಾಸ್ತರಾಗಿದ್ದ ಲಕ್ಷ್ಮಣರಾವ್ ಫಾಟಕ್ ಅವರೊಡನೆ ಸೇರಿ ಬಾರ್ಶಿ ಲೈಟ್ ರೈಲ್ವೆಯ ಗುತ್ತಿಗೆ ಹಿಡಿದರು. ಮುಂದೆ ಭೋರ್ ಘಾಟಿನ ರೈಲ್ವೆ ಸುರಂಗಗಳಂತಹ ದೊಡ್ಡ ಕಾಮಗಾರಿಗಳು ಅವರ ಕೈಯಿಂದ ನಡೆದವು.

ಹಡಗು ಉದ್ಯಮ

ಮೊದಲ ಮಹಾಯುದ್ಧದ ನಂತರ ವಾಲ್‌ಚಂದ್ ಅವರು ನರೋತ್ತಮ ಮೊರಾರ್ಜಿ ಮೊದಲಾದವರೊಡನೆ ಸಿಂಧಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿಯನ್ನು ಕಟ್ಟಿದರು. ಗ್ವಾಲಿಯರ್ ಮಹಾರಾಜರಿಂದ ಕೊಂಡ 'ಲಾಯಲ್ಟಿ' ಹಡಗು 5 ಏಪ್ರಿಲ್ 1919ರಂದು ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ಬ್ರಿಟಿಷ್ ಹಡಗು ಕಂಪನಿಗಳು ಸಾಗಣೆ ದರ ಇಳಿಸಿ ಈ ಕಂಪನಿಯನ್ನು ಮುಳುಗಿಸಲು ಯತ್ನಿಸಿದರೂ ಅದು ಉಳಿದುಕೊಂಡಿತು. ಏಪ್ರಿಲ್ 5 ಈಗ ರಾಷ್ಟ್ರೀಯ ಕಡಲಯಾನ ದಿನವಾಗಿದೆ.

ಮೋಟಾರು ಕಾರ್ಖಾನೆಯ ಕನಸು

ಭಾರತದಲ್ಲಿ ಮೋಟಾರು ಕಾರ್ಖಾನೆ ಸ್ಥಾಪಿಸಬೇಕೆಂಬುದು ಸರ್ ಎಂ. ವಿಶ್ವೇಶ್ವರಯ್ಯನವರ ಬಹುದಿನದ ಆಶಯವಾಗಿತ್ತು. 1935ರಲ್ಲಿ ಅವರು ಯುರೋಪ್ ಮತ್ತು ಅಮೆರಿಕಗಳನ್ನು ಸುತ್ತಿ, ಅಲ್ಲಿನ ಕಾರ್ಖಾನೆಗಳನ್ನು ನೋಡಿ ಯೋಜನೆಯೊಂದನ್ನು ಸಿದ್ಧಪಡಿಸಿದರು. ಬಂಡವಾಳ ಕೂಡಿಸುವ ಮತ್ತು ವಿದೇಶಿ ಕಂಪನಿಗಳೊಡನೆ ಮಾತುಕತೆ ನಡೆಸುವ ಹೊಣೆಯನ್ನು ವಾಲ್‌ಚಂದ್ ಹೊತ್ತರು. ಅಮೆರಿಕದ ಕ್ರೈಸ್ಲರ್ ಕಂಪನಿ ತಾಂತ್ರಿಕ ನೆರವಿಗೆ ಒಪ್ಪಿತು. ಕಾರ್ಖಾನೆಯನ್ನು ಬೆಂಗಳೂರಿನಲ್ಲಿ ಸ್ಥಾಪಿಸುವ ಆಲೋಚನೆಯೂ ನಡೆದು, ಮೈಸೂರು ಸಂಸ್ಥಾನ ಒಲವು ತೋರಿತು. ಆದರೆ ಯುದ್ಧಕಾಲದ ಬ್ರಿಟಿಷ್ ಸರ್ಕಾರ ಬೆಂಬಲ ನೀಡದ ಕಾರಣ ಯೋಜನೆ ನಿಂತುಹೋಯಿತು.

ಹಿಂದೂಸ್ತಾನ್ ಏರ್‌ಕ್ರಾಫ್ಟ್

ಇದೇ ಕಾಲದಲ್ಲಿ ವಾಲ್‌ಚಂದ್ ಅವರಿಗೆ ಚೀನಾದಲ್ಲಿ ವಿಮಾನ ಕಾರ್ಖಾನೆ ನಡೆಸುತ್ತಿದ್ದ ಅಮೆರಿಕದ ವಿಲಿಯಂ ಪಾಲೆ ಅವರ ಪರಿಚಯವಾಯಿತು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ ಮೈಸೂರು ಸರ್ಕಾರ ಜಮೀನು ಹಾಗೂ 25 ಲಕ್ಷ ರೂಪಾಯಿ ಬಂಡವಾಳ ನೀಡಿತು. 23 ಡಿಸೆಂಬರ್ 1940ರಂದು ಬೆಂಗಳೂರಿನಲ್ಲಿ ಕಂಪನಿ ನೋಂದಣಿಯಾಯಿತು. ಮರುವರ್ಷವೇ ಅಲ್ಲಿ ಜೋಡಿಸಿದ ಹಾರ್ಲೊ ತರಬೇತಿ ವಿಮಾನ ಹಾರಿತು. 1942ರಲ್ಲಿ ಯುದ್ಧದ ಅಗತ್ಯಕ್ಕಾಗಿ ಭಾರತ ಸರ್ಕಾರ ಕಾರ್ಖಾನೆಯನ್ನು ವಶಕ್ಕೆ ತೆಗೆದುಕೊಂಡಿತು. ಇಂದಿನ ಎಚ್.ಎ.ಎಲ್. ಅದರ ಮುಂದುವರಿಕೆ.

ಪ್ರೀಮಿಯರ್ ಆಟೋಮೊಬೈಲ್ಸ್

ಬೆಂಗಳೂರಿನಲ್ಲಿ ಕೈಗೂಡದ ಮೋಟಾರು ಯೋಜನೆ 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಹೆಸರಿನಲ್ಲಿ ಮರುಜನ್ಮ ಪಡೆಯಿತು. ಮುಂಬಯಿಯ ಕುರ್ಲಾದಲ್ಲಿ ಸ್ಥಾಪಿಸಿದ ಕಾರ್ಖಾನೆಯಿಂದ 1947ರ ವೇಳೆಗೆ ಡಾಡ್ಜ್ ಮತ್ತು ಪ್ಲಿಮತ್ ಕಾರುಗಳು ಹೊರಬಂದವು. ಮೊದಲಿಗೆ ಅಮೆರಿಕದಿಂದ ಬಂದ ಬಿಡಿಭಾಗಗಳ ಜೋಡಣೆಯಷ್ಟೇ ನಡೆಯುತ್ತಿತ್ತು. ಕ್ರಮೇಣ ಭಾಗಗಳನ್ನು ಇಲ್ಲಿಯೇ ತಯಾರಿಸುವ ಕೆಲಸ ಬೆಳೆಯಿತು.

ಮುಂದೆ ಈ ಕಾರ್ಖಾನೆಯಲ್ಲಿ ಜೋಡಿಸಿದ ಪ್ಲಿಮತ್ ಸವಾಯ್, ಡಾಡ್ಜ್ ಕಿಂಗ್ಸ್‌ವೇ ಮತ್ತು ಡಿಸೋಟೊ ಡಿಪ್ಲೊಮ್ಯಾಟ್ ಮೂಲತಃ ಒಂದೇ ಕಾರಿನ ಮೂರು ರೂಪಗಳು. ಮುಖ್ಯ ವ್ಯತ್ಯಾಸ ಇದ್ದುದು ಹೆಸರು ಮತ್ತು ಮುಂಭಾಗದ ಅಲಂಕಾರದಲ್ಲಿ. ಆದ್ದರಿಂದಲೇ ಇಂತಹ ಕಾರನ್ನು ಪುನಶ್ಚೇತನಗೊಳಿಸುವವರು ಒಂದರ ಬಿಡಿಭಾಗವನ್ನು ಅನೇಕ ವೇಳೆ ಇನ್ನೊಂದಕ್ಕೆ ಬಳಸಿಕೊಳ್ಳಬಲ್ಲರು. ಆರು ಸಿಲಿಂಡರಿನ ಎಂಜಿನ್ ಮತ್ತು ಆರು ವೋಲ್ಟಿನ ವಿದ್ಯುತ್ ವ್ಯವಸ್ಥೆ ಆ ಕಾಲದ ಪ್ಲಿಮತ್ ಕಾರುಗಳ ಗುರುತು. 1950ರ ದಶಕದಲ್ಲಿ ಕಂಪನಿ ಇಟಲಿಯ ಫಿಯಟ್ ಕಾರುಗಳತ್ತ ಹೊರಳಿತು. ಪ್ರಸಿದ್ಧ ಪ್ರೀಮಿಯರ್ ಪದ್ಮಿನಿ ಆ ಸಾಲಿನದು.

ಕೊನೆಯ ದಿನಗಳು

ವಿಶಾಖಪಟ್ಟಣದ ಹಡಗು ಕಾರ್ಖಾನೆಗೆ 1941ರಲ್ಲಿ ರಾಜೇಂದ್ರ ಪ್ರಸಾದ್ ಶಂಕುಸ್ಥಾಪನೆ ಮಾಡಿದ್ದರು. ಅಲ್ಲಿ ಕಟ್ಟಿದ 'ಜಲ ಉಷಾ' ಹಡಗನ್ನು 1948ರಲ್ಲಿ ಜವಾಹರಲಾಲ್ ನೆಹರು ನೀರಿಗಿಳಿಸಿದರು. ಮರುವರ್ಷ ಪಾರ್ಶ್ವವಾಯು ಪೀಡಿತರಾದ ವಾಲ್‌ಚಂದ್ ಉದ್ಯಮದಿಂದ ನಿವೃತ್ತರಾಗಿ, 1953ರಲ್ಲಿ ಗುಜರಾತಿನ ಸಿದ್ಧಪುರದಲ್ಲಿ ನಿಧನರಾದರು. ಅವರು ಆರಂಭಿಸಿದ ವಿಮಾನ ಮತ್ತು ಹಡಗು ಕಾರ್ಖಾನೆಗಳೆರಡೂ ಇಂದು ಸಾರ್ವಜನಿಕ ಉದ್ಯಮಗಳಾಗಿವೆ. ಮಹಾರಾಷ್ಟ್ರದ ವಾಲ್‌ಚಂದ್‌ನಗರ ಮತ್ತು ಸಾಂಗಲಿಯ ಎಂಜಿನಿಯರಿಂಗ್ ಕಾಲೇಜು ಅವರ ಹೆಸರನ್ನು ಹೊತ್ತಿವೆ.