ಮುಡಿ ಕಟ್ಟುವ ಕೈ, ಲಕ್ಕಿ ಸೊಪ್ಪಿನ ಕಾವಲು

ಮಕ್ಕಳೇ, ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಬಿಡುವುದಿಲ್ಲ. ಗೋಡೆಯೂ ಬೆವರುವ ಆ ದಿನಗಳಲ್ಲಿ ಅಕ್ಕಿಗೆ ಕುಟ್ಟೆ ಬಲು ಬೇಗ ಹಿಡಿಯುತ್ತದೆ. ಸೊಂಡಿಲಿರುವ ಈ ಪುಟ್ಟ ಕಂದು ದುಂಬಿ ಕಾಳು ಕೊರೆದು, ಒಳಗೆ ಮೊಟ್ಟೆಯಿಟ್ಟು, ತೂತು ಮುಚ್ಚಿಬಿಡುತ್ತದೆ. ಒಂದು ಹೆಣ್ಣು 300ರವರೆಗೂ ಮೊಟ್ಟೆ ಇಡಬಲ್ಲದು. ಸುಮಾರು ಒಂದು ತಿಂಗಳಲ್ಲಿ ಮರಿಗಳು ಬೆಳೆದು ಹೊರಬರುತ್ತವೆ.

ಇದಕ್ಕೆ ನಮ್ಮ ಹಿರಿಯರ ಮೊದಲ ಉತ್ತರ ಬಿಸಿಲು, ಎರಡನೆಯದು ಮುಡಿ. ಬಿಸಿಲಿನಲ್ಲಿ ಚೆನ್ನಾಗಿ ಒಣಗಿದ ಅಕ್ಕಿಯನ್ನು ಬೈಹುಲ್ಲಿನ ಮೇಲೆ ಸುರಿದು, ಹುಲ್ಲಿನ ಹಗ್ಗದಿಂದ ಸುತ್ತಿ, ಮರದ ಕೊಡತಿಯಿಂದ ಬಡಿದು ಗುಂಡಗೆ ಬಿಗಿಯುತ್ತಿದ್ದರು. ಒಂದು ಮುಡಿಗೆ 42 ಸೇರು. ಅಷ್ಟು ಬಿಗಿಯಾದ ಅಕ್ಕಿಯ ನಡುವೆ ದುಂಬಿಗೆ ಓಡಾಡಲು ಜಾಗವಿಲ್ಲ. ಒಲೆಯ ಹೊಗೆ ತಾಗುವ ಅಟ್ಟದಲ್ಲಿಟ್ಟರೆ ತೇವವೂ ಹತ್ತಿರ ಸುಳಿಯುವುದಿಲ್ಲ.

ಮೂರನೆಯ ಕಾವಲು ಗಿಡಗಳದ್ದು. ಬೇಲಿಯಲ್ಲಿ ಬೆಳೆಯುವ ಲಕ್ಕಿಯ ಒಣ ಸೊಪ್ಪಿನ ಘಾಟು ದುಂಬಿಗೆ ಆಗದು. ಬೇವಿನಲ್ಲಿರುವ ಅಜಾಡಿರಾಕ್ಟಿನ್ ಎಂಬ ಅಂಶ ಹುಳುವಿನ ಹಸಿವು ಕೆಡಿಸಿ ಬೆಳವಣಿಗೆಯನ್ನೇ ತಡೆಯುತ್ತದೆ. ಭತ್ತದ ಕೊಯ್ಲಾದ ಗದ್ದೆಯಲ್ಲಿ ಬೆಳೆದ ಉದ್ದು, ಹುರುಳಿ, ಅವಡೆಯ ಶತ್ರು ಬೇರೆ ದುಂಬಿ. ಅದು ಕಾಳಿನ ಮೈಗೇ ಮೊಟ್ಟೆ ಅಂಟಿಸುತ್ತದೆ. ಎಣ್ಣೆ ಸವರಿದರೆ ಆ ಮೊಟ್ಟೆಗಳಿಗೆ ಉಸಿರು ಕಟ್ಟುತ್ತದೆ. ಒಲೆಯ ಬೂದಿ ಬೆರೆಸಿದರೆ, ದುಂಬಿಯ ಮೈಮೇಲಿನ ಮೇಣದ ಪದರ ಸವೆದು ಅದು ನೀರಾರಿ ಸಾಯುತ್ತದೆ.

ಗಿಡದ್ದೆಂದ ಮಾತ್ರಕ್ಕೆ ಎಲ್ಲವೂ ನಿರಪಾಯವಲ್ಲ. ಬಜೆ ಬೇರಿನ ಪುಡಿ ದುಂಬಿಗೆ ಕಠಿಣ ವಿಷ. ಆದರೆ ಅದರಲ್ಲಿರುವ ಅಸರೋನ್ ಎಂಬ ಅಂಶ ಮನುಷ್ಯರಿಗೂ ಒಳ್ಳೆಯದಲ್ಲ. ಹಾಗಾಗಿ ಅದು ಬಿತ್ತನೆ ಬೀಜಕ್ಕೆ ಮಾತ್ರ ಸರಿ, ಅನ್ನದ ಅಕ್ಕಿಗೆ ಬೇಡ.

ಈಗ ಬ್ರಹ್ಮಾವರದ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರ ‘ಸಹ್ಯಾದ್ರಿ ಕೆಂಪುಮುಕ್ತಿ’ಯಂಥ ಹೊಸ ಕೆಂಪಕ್ಕಿ ತಳಿ ಕೊಟ್ಟಿದೆ. ತಳಿ ಹೊಸದಾದರೂ ಕುಟ್ಟೆ ಹಳೆಯದೇ. ಬೀಜ ಒಣಗಿಸದೆ ಇಟ್ಟರೆ ಅದೂ ಉಳಿಯದು.

ಪೇಟೆಯಲ್ಲಿರುವ ನಿಮ್ಮ ಮನೆಯಲ್ಲಿ ಅಟ್ಟವೂ ಇಲ್ಲ, ಲಕ್ಕಿ ಗಿಡವೂ ಇಲ್ಲ. ಫ್ರೀಜರ್ ಇದೆಯಲ್ಲ! ತಂದ ಅಕ್ಕಿ, ಬೇಳೆಯನ್ನು ನಾಲ್ಕು ದಿನ ಅದರಲ್ಲಿಟ್ಟು, ಆಮೇಲೆ ಗಾಳಿಯಾಡದ ಡಬ್ಬಿಗೆ ತುಂಬಿ. ರಜೆಗೆ ಊರಿಗೆ ಹೋದಾಗ ಮುಡಿ ಕಟ್ಟಬಲ್ಲ ಹಿರಿಯರನ್ನು ಹುಡುಕಿ, ಪಕ್ಕದಲ್ಲಿ ಕುಳಿತು ಕಲಿತು ಬನ್ನಿ. ಆ ಕೆಲಸ ಗೊತ್ತಿರುವ ಕೈಗಳು ಈಗ ಕಡಿಮೆ.