ಚೇಳಿಗೆ ಬೇರೆ ಮನೆ ಕೊಟ್ಟ ಲಾಮಾರ್ಕ್

ಜೀವವಿಕಾಸದ ಪಾಠದಲ್ಲಿ ಲಾಮಾರ್ಕ್ ಎಂದರೆ ಜಿರಾಫೆಯ ಕತ್ತಿಗೆ ತಪ್ಪು ಕಾರಣ ಹೇಳಿದವರು ಎಂದಷ್ಟೇ ನಾವು ಓದುತ್ತೇವೆ. ನನಗೆ ಅವರ ಮೇಲೆ ಗೌರವ ಮೂಡಿದ್ದು ಚೇಳಿನಿಂದ.

1744ರಲ್ಲಿ ಫ್ರಾನ್ಸ್‌ನಲ್ಲಿ ಹುಟ್ಟಿದ ಅವರು ಮೊದಲು ಸೈನಿಕ, ನಂತರ ಸಸ್ಯವಿಜ್ಞಾನಿ. 1793ರಲ್ಲಿ, ಐವತ್ತರ ಹೊಸ್ತಿಲಲ್ಲಿ, ಪ್ಯಾರಿಸ್‌ನ ವಸ್ತುಸಂಗ್ರಹಾಲಯದಲ್ಲಿ ಕೀಟ ಮತ್ತು ಹುಳುಗಳ ಪ್ರಾಧ್ಯಾಪಕರಾದರು. ಅದುವರೆಗೆ ಲಿನೇಯಸ್ ಮಾಡಿದ ವಿಂಗಡಣೆಯಲ್ಲಿ ಚೇಳು, ಜೇಡಗಳು ಕೀಟಗಳೊಂದಿಗೇ ಇದ್ದವು. ಆದರೆ ಕೀಟಕ್ಕೆ ಆರು ಕಾಲು, ಕುಡಿಮೀಸೆ ಉಂಟು. ಚೇಳು, ಜೇಡಗಳಿಗೆ ಎಂಟು ಕಾಲು, ಕುಡಿಮೀಸೆ ಇಲ್ಲ. ಲಾಮಾರ್ಕ್ 1801ರ ತಮ್ಮ ಗ್ರಂಥದಲ್ಲಿ ಇವುಗಳಿಗೆ ಅರಾಕ್ನಿಡ್ ಎಂಬ ಬೇರೆ ವರ್ಗ ಕೊಟ್ಟರು. ಅದು ಇಂದಿಗೂ ನಿಂತಿದೆ.

ಕೊನೆಯ ವರ್ಷಗಳಲ್ಲಿ ಕಣ್ಣು ಹೋಯಿತು. 1829ರಲ್ಲಿ ಬಡತನದಲ್ಲೇ ತೀರಿಕೊಂಡರು. ಜಿರಾಫೆಯ ಪ್ರಶ್ನೆಗೆ ಉತ್ತರ ಬರೆಯುವಾಗ ಚೇಳನ್ನೂ ನೆನೆಯೋಣ.