ಗ್ರೇಸ್ ಹಾಪರ್ (1906–1992)

ಗಣಕಯಂತ್ರ ಶಿಕ್ಷಣದಲ್ಲಿ ಸಿದ್ಧಾಂತದಷ್ಟೇ ಪ್ರಾಯೋಗಿಕ ಕೌಶಲವೂ ಅಗತ್ಯವೆಂಬುದನ್ನು ತಮ್ಮ ಬದುಕಿನಿಂದ ತೋರಿಸಿಕೊಟ್ಟವರಲ್ಲಿ ಅಮೆರಿಕದ ಗಣಿತಜ್ಞೆ ಗ್ರೇಸ್ ಹಾಪರ್ ಅವರು ಪ್ರಮುಖರು. ಇವರು 1906ರ ಡಿಸೆಂಬರ್ 9ರಂದು ನ್ಯೂಯಾರ್ಕ್ ನಗರದಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ಮನೆಯ ಅಲಾರಂ ಗಡಿಯಾರಗಳನ್ನು ಬಿಚ್ಚಿ, ಅವು ನಡೆಯುವ ಬಗೆಯನ್ನು ಅರಿಯಲು ಯತ್ನಿಸಿದ್ದರು. 1928ರಲ್ಲಿ ವಾಸರ್ ಕಾಲೇಜಿನಿಂದ ಪದವಿಯನ್ನೂ, 1934ರಲ್ಲಿ ಯೇಲ್ ವಿಶ್ವವಿದ್ಯಾನಿಲಯದಿಂದ ಗಣಿತದಲ್ಲಿ ಡಾಕ್ಟರೇಟನ್ನೂ ಪಡೆದರು. 1931ರಿಂದ ವಾಸರ್ ಕಾಲೇಜಿನಲ್ಲಿ ಗಣಿತದ ಅಧ್ಯಾಪಕಿಯಾಗಿದ್ದರು. ತಿಳಿದುದನ್ನು ಸ್ಪಷ್ಟವಾಗಿ ಬರೆದು ಹೇಳಲಾಗದ ಗಣಿತ ನಿಷ್ಪ್ರಯೋಜಕವೆಂದು ನಂಬಿದ್ದ ಇವರು ವಿದ್ಯಾರ್ಥಿಗಳಿಂದ ಪ್ರಬಂಧಗಳನ್ನು ಬರೆಯಿಸುತ್ತಿದ್ದರು.

ಎರಡನೇ ಮಹಾಯುದ್ಧದ ಕಾಲದಲ್ಲಿ, 1943ರಲ್ಲಿ ನೌಕಾಪಡೆಯ ಮೀಸಲು ದಳವನ್ನು ಸೇರಿದರು. 1944ರಲ್ಲಿ ಇವರನ್ನು ಹಾರ್ವರ್ಡ್ ವಿಶ್ವವಿದ್ಯಾನಿಲಯದ ಮಾರ್ಕ್-1 ಗಣಕಯಂತ್ರದ ಕಾರ್ಯಕ್ಕೆ ನಿಯೋಜಿಸಲಾಯಿತು. 51 ಅಡಿ ಉದ್ದದ ಆ ಯಂತ್ರವನ್ನು ನಡೆಸುವ ವಿಧಾನ ಯಾವ ಪಠ್ಯಪುಸ್ತಕದಲ್ಲಿಯೂ ಇರಲಿಲ್ಲ. ಕಾಗದದ ಪಟ್ಟಿಯಲ್ಲಿ ರಂಧ್ರಗಳನ್ನು ಕೊರೆದು ಯಂತ್ರಕ್ಕೆ ಆದೇಶ ನೀಡುವುದನ್ನು ಇವರು ಕಿರಿಯ ಸಹೋದ್ಯೋಗಿಗಳಿಂದಲೂ ಯಂತ್ರದ ಒಡನಾಟದಿಂದಲೂ ಕಲಿತರು. ಮುಂದೆ ಬರುವವರಿಗೆ ನೆರವಾಗಲೆಂದು ಇವರು ಸಿದ್ಧಪಡಿಸಿದ 500ಕ್ಕೂ ಹೆಚ್ಚು ಪುಟಗಳ ಕೈಪಿಡಿ 1946ರಲ್ಲಿ ಪ್ರಕಟವಾಯಿತು.

ಆ ದಿನಗಳಲ್ಲಿ ಪ್ರೋಗ್ರಾಂ ಬರೆಯುವವರು, ಸರಿಯೆಂದು ಕಂಡುಬಂದ ಆದೇಶಗಳನ್ನು ಒಬ್ಬರ ಟಿಪ್ಪಣಿ ಪುಸ್ತಕದಿಂದ ಇನ್ನೊಬ್ಬರು ನಕಲು ಮಾಡಿಕೊಳ್ಳುತ್ತಿದ್ದರು. ನಕಲು ಮಾಡುವಾಗಲೂ ಅಂಕಿಗಳನ್ನು ಕೂಡುವಾಗಲೂ ತಪ್ಪುಗಳು ನುಸುಳುತ್ತಿದ್ದವು. ಈ ಕೆಲಸವನ್ನು ಯಂತ್ರಕ್ಕೇ ಏಕೆ ವಹಿಸಬಾರದೆಂಬ ಆಲೋಚನೆಯ ಫಲವಾಗಿ, 1952ರಲ್ಲಿ ಎ-0 ಎಂಬ ಕಂಪೈಲರ್ ರೂಪುಗೊಂಡಿತು. ಗಣಕಯಂತ್ರವು ಅಂಕಗಣಿತವನ್ನಷ್ಟೇ ಮಾಡಬಲ್ಲದೆಂದು ನಂಬಿದ್ದ ಅನೇಕರು ಇದನ್ನು ಮೊದಲು ಒಪ್ಪಲಿಲ್ಲ. ಹಾಪರ್ ಅವರು ಹಿಂಜರಿಯದೆ, ಇಂಗ್ಲಿಷ್ ಪದಗಳಲ್ಲಿಯೇ ಆದೇಶ ನೀಡಬಹುದಾದ ಫ್ಲೋ-ಮ್ಯಾಟಿಕ್ ಭಾಷೆಯನ್ನು ತಮ್ಮ ತಂಡದೊಡನೆ ರೂಪಿಸಿದರು. 1959ರಲ್ಲಿ ಆರಂಭವಾದ ಕೋಬಾಲ್ ಭಾಷೆಯ ರಚನೆಗೆ ಇದೇ ಮುಖ್ಯ ಆಧಾರವಾಯಿತು.

ಬೋಧನೆಯಲ್ಲಿ ಇವರು ಅಮೂರ್ತ ವಿಷಯವನ್ನೂ ಕೈಗೆ ಸಿಗುವಂತೆ ಮಾಡುತ್ತಿದ್ದರು. ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗವಾದ ನ್ಯಾನೋಸೆಕೆಂಡಿನಲ್ಲಿ ವಿದ್ಯುತ್ ಸಂಕೇತವು ಗರಿಷ್ಠ ಎಷ್ಟು ದೂರ ಸಾಗಬಲ್ಲದೆಂದು ತಿಳಿಸಲು, ಸುಮಾರು 30 ಸೆಂ.ಮೀ. ಉದ್ದದ ತಂತಿಯ ತುಂಡುಗಳನ್ನು ಸಭಿಕರಿಗೆ ಹಂಚುತ್ತಿದ್ದರು. ಗಣಕಯಂತ್ರಗಳು ಚಿಕ್ಕದಾದಷ್ಟೂ ವೇಗ ಹೆಚ್ಚುವುದೇಕೆಂಬುದು ಆ ತಂತಿಯಿಂದ ಸುಲಭವಾಗಿ ಮನದಟ್ಟಾಗುತ್ತಿತ್ತು.

1986ರಲ್ಲಿ, ತಮ್ಮ 79ನೆಯ ವಯಸ್ಸಿನಲ್ಲಿ, ರಿಯರ್ ಅಡ್ಮಿರಲ್ ಹುದ್ದೆಯಿಂದ ನಿವೃತ್ತರಾದರು. 1992ರ ಜನವರಿ 1ರಂದು ನಿಧನ ಹೊಂದಿದರು. 2016ರಲ್ಲಿ ಇವರಿಗೆ ಮರಣೋತ್ತರವಾಗಿ ಅಮೆರಿಕದ ಅಧ್ಯಕ್ಷೀಯ ಸ್ವಾತಂತ್ರ್ಯ ಪದಕವನ್ನು ನೀಡಿ ಗೌರವಿಸಲಾಯಿತು. ಯಂತ್ರದ ಮುಂದೆ ಕುಳಿತು ಪಡೆದ ಅನುಭವವೇ ಹೊಸ ಸಿದ್ಧಾಂತಕ್ಕೆ ದಾರಿಯಾಗಬಲ್ಲದೆಂಬುದಕ್ಕೆ ಇವರ ಸಾಧನೆಯು ನಿದರ್ಶನವಾಗಿದೆ.